ಕಡೆಯವನ ಕೂಲಿ: ರಸ್ಕಿನ್ನನ ‘ಅಂಟು ದಿಸ್ ಲಾಸ್ಟ್’

ಜಾನ್ ರಸ್ಕಿನ್ನನ ‘ಅಂಟು ದಿಸ್ ಲಾಸ್ಟ್’ ಗಾಂಧೀಜಿಯವರ ‘ಸರ್ವೋದಯ’ಕ್ಕೆ ಮೂಲವೆಂಬುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಆದರೆ ಆ ಗ್ರಂಥವನ್ನೂ ಅದಕ್ಕೆ ಹೆಸರಿತ್ತ ಕ್ರೈಸ್ತ ದೃಷ್ಟಾಂತವನ್ನೂ ಜೊತೆಗಿರಿಸಿ ಓದುವವರು ವಿರಳ. ಹಾಗೆ ಓದಿದಾಗ ಒಂದು ಪ್ರಶ್ನೆ ಏಳುತ್ತದೆ: ಬಡವನ ಪಾಲು ಧನಿಕನ ದಾನವೋ, ಶಾಸನವು ಸಲ್ಲಿಸತಕ್ಕ ಋಣವೋ?

ದೃಷ್ಟಾಂತವು ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿದೆ. ದ್ರಾಕ್ಷಿಯ ತೋಟದ ಯಜಮಾನನು ಬೆಳಗಿನಿಂದ ಸಂಜೆಯವರೆಗೆ ಐದು ಸಲ ಪೇಟೆಗೆ ಹೋಗಿ ಆಳುಗಳನ್ನು ಕರೆತರುತ್ತಾನೆ. ಹೊತ್ತು ಮುಳುಗಿದಾಗ ಒಂದೇ ಗಂಟೆ ದುಡಿದವನಿಗೂ ದಿನವೆಲ್ಲ ಬಿಸಿಲಲ್ಲಿ ಬೆಂದವನಿಗೂ ಸಮನಾದ ಕೂಲಿ. ಮೊದಲಿನವರು ಗೊಣಗುತ್ತಾರೆ. ಯಜಮಾನನ ಉತ್ತರವಿಷ್ಟೆ: ನಿಮಗೆ ಒಪ್ಪಿದ್ದನ್ನು ಕೊಟ್ಟಿದ್ದೇನೆ, ನನ್ನದನ್ನು ನನ್ನಿಚ್ಛೆಯಂತೆ ಕೊಡಲು ನಾನು ಸ್ವತಂತ್ರನು.

ರಸ್ಕಿನ್ನನ ನಾಲ್ಕು ಪ್ರಬಂಧಗಳು 1860ರಲ್ಲಿ ಥ್ಯಾಕರೆಯು ಸಂಪಾದಿಸುತ್ತಿದ್ದ ‘ಕಾರ್ನ್‌ಹಿಲ್ ಮ್ಯಾಗಝೀನ್’ನಲ್ಲಿ ಬಂದವು. ಓದುಗರ ಕೋಪದಿಂದ ಮಾಲೆಯು ಅಲ್ಲಿಗೇ ನಿಂತು, 1862ರಲ್ಲಿ ಪುಸ್ತಕವಾಯಿತು. ಸೈನಿಕನಿಗೂ ವೈದ್ಯನಿಗೂ ಇರುವಂತೆ ವರ್ತಕನಿಗೂ ಕರ್ತವ್ಯವುಂಟು. ಕೂಲಿಯು ಹರಾಜಿನಂತೆ ಏರಿಳಿಯದೆ ನಿಶ್ಚಿತವಾಗಿರಬೇಕು. ಜೀವವನ್ನು ಬೆಳೆಸದ ಹಣವು ಸಂಪತ್ತಲ್ಲ: ಇದು ಅವನ ವಾದದ ಸಾರ. ಪ್ರವಾದಿಯ ಗಾಂಭೀರ್ಯವುಳ್ಳ ಅವನ ಗದ್ಯದಲ್ಲಿ ಈ ಮಾತುಗಳು ಇಂದಿಗೂ ಬಿಸಿಯಾಗಿವೆ.

ಆದರೆ ಹೆಸರಿಗೂ ವಾದಕ್ಕೂ ಪೂರ್ತಿ ಹೊಂದಿಕೆಯಿಲ್ಲ. ಕೂಲಿ ಎಲ್ಲರಿಗೂ ಒಂದೇ ಇರಲಿ, ಆದರೆ ಒಳ್ಳೆಯ ಕೆಲಸಗಾರನಿಗೆ ಕೆಲಸ ಸಿಗಲಿ, ಕೆಟ್ಟವನು ಬರಿಗೈಯಲ್ಲಿರಲಿ ಎನ್ನುತ್ತಾನೆ ರಸ್ಕಿನ್. ದೃಷ್ಟಾಂತದ ಯಜಮಾನನಾದರೋ ಯಾರ ಕೌಶಲವನ್ನೂ ಪರೀಕ್ಷಿಸುವುದಿಲ್ಲ. ತಮ್ಮನ್ನು ಯಾರೂ ಕರೆಯಲಿಲ್ಲವೆಂದವರನ್ನು ಕರೆಯುತ್ತಾನೆ. ಈ ಕೊರತೆಯನ್ನು ತುಂಬಲೆಂಬಂತೆ ರಸ್ಕಿನ್ ಮುನ್ನುಡಿಯಲ್ಲಿ ಸರ್ಕಾರವನ್ನು ಕರೆಯುತ್ತಾನೆ: ಸರ್ಕಾರದ ಶಾಲೆಗಳು, ಕಾರ್ಯಾಗಾರಗಳು, ನಿರುದ್ಯೋಗಿಗೆ ಕೆಲಸ, ಮುದುಕರಿಗೆ ಮನೆ. ಮುಪ್ಪಿನ ನೆರವು ದುಡಿದವನಿಗೆ ಅವಮಾನವಲ್ಲ, ಸೈನಿಕನ ವೇತನದಂತೆ ಗೌರವವೆಂಬುದು ಅವನ ಅತ್ಯುಚ್ಚ ವಿಚಾರ. ಆದರೆ ದುಡಿಯಲೊಲ್ಲದವನಿಗೆ ಅಲ್ಲಿಯೇ ಕಠಿಣ ಬಲಾತ್ಕಾರವೂ ಕಾದಿದೆ. ದ್ರಾಕ್ಷಿತೋಟದಲ್ಲಿ ಆಮಂತ್ರಣವಿತ್ತೇ ಹೊರತು ಬಲಾತ್ಕಾರವಿರಲಿಲ್ಲ.

ಈ ಗ್ರಂಥದ ಓದುಗರು ಎರಡು ದಾರಿ ಹಿಡಿದುದು ಸಹಜವೇ. 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಇದನ್ನೋದಿದ ಗಾಂಧೀಜಿ ಅದೇ ವರ್ಷ ಫೀನಿಕ್ಸ್ ಆಶ್ರಮವನ್ನು ಕಟ್ಟಿದರು. ಮುಂದೆ, ಧನಿಕನು ತನ್ನ ಧನಕ್ಕೆ ಧರ್ಮದರ್ಶಿಯೆಂದು ಬೋಧಿಸಿದರು. ಇಂಗ್ಲೆಂಡಿನಲ್ಲಿ 1906ರ ಕಾರ್ಮಿಕ ಪಕ್ಷದ ಸಂಸತ್ಸದಸ್ಯರನೇಕರು ತಮ್ಮನ್ನು ರೂಪಿಸಿದ ಲೇಖಕರಲ್ಲಿ ರಸ್ಕಿನ್ನನನ್ನು ಹೆಸರಿಸಿದರು. 1908ರಲ್ಲಿ ಗಾಂಧೀಜಿಯವರ ಗುಜರಾತಿ ಸಾರಾನುವಾದವು ಪ್ರಕಟವಾಯಿತು. ಅದೇ ವರ್ಷ ಬ್ರಿಟಿಷ್ ಸಂಸತ್ತು, ಎಪ್ಪತ್ತು ದಾಟಿದ ಬಡವರಿಗೆ ತೆರಿಗೆಯ ಹಣದಿಂದ ವಾರಕ್ಕೆ 5 ಷಿಲಿಂಗಿನವರೆಗೆ ವೃದ್ಧಾಪ್ಯವೇತನವನ್ನು ವಿಧಿಸಿತು. ಒಂದು ಹೃದಯಪರಿವರ್ತನೆಯ ದಾರಿ, ಇನ್ನೊಂದು ಶಾಸನದ ದಾರಿ.

ದೃಷ್ಟಾಂತವು ಯಾರ ಪಕ್ಷ? ಯಜಮಾನನು ಕೊಟ್ಟುದು ತನ್ನದನ್ನು. ಸರ್ಕಾರವು ಕೊಡುವುದು ಪ್ರಜೆಗಳಿಂದ ಸಂಗ್ರಹಿಸಿದುದನ್ನು. ಆದುದರಿಂದ ತೆರಿಗೆಗೆ ಈ ಕಥೆಯನ್ನು ಪ್ರಮಾಣವಾಗಿ ನಿಲ್ಲಿಸುವುದು ಸಲ್ಲದು. ಆದರೆ ಕಡೆಯವನಿಗೆ ದೊರೆತುದು ಭಿಕ್ಷೆಯೂ ಅಲ್ಲ. ಅವನು ಕೈಚಾಚಲಿಲ್ಲ, ಕೂಲಿಯೆಂದೇ ಪಡೆದನು. ಸಂಜೆಯಾದೊಡನೆ ಪಾರುಪತ್ಯಗಾರನನ್ನು ಕರೆದು ಕೂಲಿ ಹಂಚಿಸಿದುದು ಯಜಮಾನನ ಔದಾರ್ಯವಲ್ಲ. ಹೊತ್ತು ಮುಳುಗುವ ಮೊದಲೇ ಬಡ ಆಳಿನ ಕೂಲಿ ಕೊಡಬೇಕೆಂದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವು ವಿಧಿಸುತ್ತದೆ; ಕೊಯ್ಲಿನ ಬಳಿಕ ಉಳಿದ ದ್ರಾಕ್ಷಿ ಪರದೇಶಿಗೆ, ಅನಾಥನಿಗೆ, ವಿಧವೆಗೆ ಸೇರಿದುದೆಂದು ಅಲ್ಲಿಯೇ ಇದೆ.

ಆ ತೋಟದ ಬೇಲಿಯೊಳಗೆ ಧರ್ಮಶಾಸನವು ಮೊದಲೇ ಇತ್ತು; ಔದಾರ್ಯವು ಅದರ ಮೇಲೆ ನಿಂತಿತು. ದಾನವನ್ನು ಹೊಗಳಿ ವಿಧಿಯನ್ನು ಮರೆಯುವವರೂ ವಿಧಿಯಿದ್ದರೆ ದಾನವೇಕೆನ್ನುವವರೂ ಕಥೆಯ ಅರ್ಧವನ್ನಷ್ಟೇ ಓದಿದವರು. ರಸ್ಕಿನ್ ಎರಡನ್ನೂ ಕಂಡನು. ಆದರೆ ಬೆಸೆಯಲಾರದೆ ಒಂದನ್ನು ಪ್ರಬಂಧದಲ್ಲಿಯೂ ಇನ್ನೊಂದನ್ನು ಮುನ್ನುಡಿಯಲ್ಲಿಯೂ ಇರಿಸಿದನು. ಆದಕಾರಣ ತರಗತಿಯಲ್ಲಿ ಈ ಗ್ರಂಥವನ್ನು ಓದಿಸುವ ಉಪಾಧ್ಯಾಯರು ಮುನ್ನುಡಿಯನ್ನು ಬಿಡಬಾರದು.