ಪಾಡ್ದನ ಸಂಶೋಧನೆಯಲ್ಲಿ ‘ಮೊದಲು’ ಎಂಬ ಮಾತು

ಜಾನಪದ ಮಹಾಪ್ರಬಂಧಗಳ ಪ್ರಸ್ತಾವನೆಗಳಲ್ಲಿ ‘ಇದೇ ಮೊದಲ ಪ್ರಯತ್ನ’, ‘ಇದುವರೆಗೆ ಯಾರೂ ಗಮನಿಸದ ವಸ್ತು’ ಎಂಬ ಮಾತುಗಳು ರೂಢಿಯಂತೆ ಬರುತ್ತವೆ. ಯಾವುದು ಮೊದಲು, ಯಾವುದಕ್ಕೆ ಹೋಲಿಸಿದರೆ ಮೊದಲು ಎಂಬುದನ್ನು ಮಾತ್ರ ಅವು ತಿಳಿಸುವುದಿಲ್ಲ. ಸ್ವೋಪಜ್ಞತೆಯ ಪ್ರತಿಪಾದನೆ ಪರಿಶೀಲನೆಗೆ ಒಡ್ಡಿಕೊಳ್ಳುವ ವಾಕ್ಯವಾಗಬೇಕೇ ಹೊರತು ಆತ್ಮಪ್ರಶಂಸೆಯಾಗಬಾರದು. ಕೋಟಿ ಚೆನ್ನಯರ ಪಾಡ್ದನದ ಅಧ್ಯಯನ ಚರಿತ್ರೆ ಇದಕ್ಕೆ ಉತ್ತಮ ನಿದರ್ಶನ.

ಉಡುಪಿಯ ಬನ್ನಂಜೆ ಗರೊಡಿಯ ಪರಿಸರದಲ್ಲಿ ಸಂಶೋಧಕನೊಬ್ಬ ಈ ಪಾಡ್ದನವನ್ನು ಧ್ವನಿಮುದ್ರಿಸಿಕೊಂಡನೆಂದು ಭಾವಿಸೋಣ. ‘ಪಾಡ್ದನವನ್ನು ಮೊದಲ ಬಾರಿಗೆ ಸಂಗ್ರಹಿಸಲಾಗಿದೆ’ ಎಂದು ಆತ ಬರೆದರೆ ಆ ಮಾತು ನಿಲ್ಲದು. ಮ್ಯಾನರ್ ಅವರ ‘ಪಾಡ್ದನೊಳು’ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ 1886ರಲ್ಲೇ ಹೊರಬಂದಿದೆ. ಎ.ಸಿ. ಬರ್ನೆಲ್ ಸಂಗ್ರಹದಲ್ಲಿದ್ದ ಕೋಟಿ ಚೆನ್ನಯರ ಪಾಠವನ್ನು ಆರ್.ಸಿ. ಟೆಂಪಲ್ 1890ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದ್ದಾರೆ. ಪಂಜೆ ಮಂಗೇಶರಾಯರು ಕಥೆಯನ್ನು ಕನ್ನಡ ಗದ್ಯಕ್ಕೆ ತಂದಿದ್ದಾರೆ. ‘ಗರೊಡಿಗಳ ಪ್ರಥಮ ಅಧ್ಯಯನ’ ಎಂದು ಹೇಳಹೊರಟರೂ ಬನ್ನಂಜೆ ಬಾಬು ಅಮೀನ್ ಹಾಗೂ ಮೋಹನ್ ಕೋಟ್ಯಾನ್ ಅವರ ‘ತುಳುನಾಡ ಗರೊಡಿಗಳ ಸಾಂಸ್ಕೃತಿಕ ಅಧ್ಯಯನ’ ಎದುರಾಗುತ್ತದೆ.

ಹಾಗೆಂದು ಹೊಸತಿಗೆ ಎಡೆಯಿಲ್ಲವೆಂದಲ್ಲ. ‘ಬರ್ನೆಲ್ ಪಾಠದಲ್ಲಿಲ್ಲದ ಇಂಥ ಪ್ರಸಂಗ ಬನ್ನಂಜೆಯ ಈ ಗಾಯಕರ ಹಾಡಿಕೆಯಲ್ಲಿದೆ’ ಎಂಬುದು ಚಿಕ್ಕ ಮಾತು; ಆದರೆ ಎರಡು ಪಾಠಗಳನ್ನು ಅಕ್ಕಪಕ್ಕದಲ್ಲಿಟ್ಟು ಮತ್ತೊಬ್ಬರು ಅದನ್ನು ಒಪ್ಪಬಹುದು ಅಥವಾ ಅಲ್ಲಗಳೆಯಬಹುದು. ಹೊಸತನವು ಸಾಮಗ್ರಿಯದೋ, ಪಾಠಾಂತರದ್ದೋ, ವಿಧಾನದ್ದೋ, ವ್ಯಾಖ್ಯಾನದ್ದೋ ಎಂಬುದು ಸ್ಪಷ್ಟವಾಗಬೇಕು. ‘ಲಭ್ಯ ಆಕರಗಳ ಮಟ್ಟಿಗೆ’ ಎಂಬ ವಿನಯದ ಮಾತೂ, ನೋಡಿದ ಆಕರಗಳನ್ನು ಹೆಸರಿಸದಿದ್ದರೆ, ರಕ್ಷಾಕವಚವಷ್ಟೇ ಆಗುತ್ತದೆ.

ಈ ದೃಷ್ಟಿಯಿಂದ ಲೌರಿ ಹಾಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮತ್ತು ಅನೇಲಿ ಹಾಂಕೊ ಅವರೊಡನೆ 1998ರಲ್ಲಿ ಪ್ರಕಟಿಸಿದ ಸಿರಿ ಕಾವ್ಯದ ಆವೃತ್ತಿ ಗಮನಾರ್ಹ. 15,683 ಸಾಲುಗಳ ಆ ಪಠ್ಯವನ್ನು ‘ಸಿರಿ ಕಾವ್ಯ’ವೆಂದಷ್ಟೇ ಕರೆಯದೆ, ಗೋಪಾಲ ನಾಯ್ಕರು ಪ್ರಸ್ತುತಪಡಿಸಿದ ಕಾವ್ಯವೆಂದು ಇಂಗ್ಲಿಷ್ ಶೀರ್ಷಿಕೆಯಲ್ಲೇ ಸೂಚಿಸಲಾಗಿದೆ. ಅಷ್ಟು ದೊಡ್ಡ ಸಾಧನೆಯ ವ್ಯಾಪ್ತಿ ಒಬ್ಬ ಗಾಯಕನ ಹೆಸರಿನಿಂದ ನಿಶ್ಚಿತವಾಗಿದೆ.

ಮೌಖಿಕ ಪರಂಪರೆಯಲ್ಲಿ ಹೊಸ ಪ್ರಸಂಗವನ್ನು ಕಟ್ಟಿದವರು ಗಾಯಕರೇ ಆಗಿರಬಹುದು. ಸಂಶೋಧಕನದು ಅದನ್ನು ಗುರುತಿಸಿದ ಶ್ರೇಯಸ್ಸು. ಎಲ್ಲೆಯಿಲ್ಲದ ‘ಮೊದಲು’ ಈ ಭೇದವನ್ನು ಅಳಿಸಿ, ಹಿಂದಿನ ಸಂಗ್ರಾಹಕರನ್ನೂ ಹಾಡಿದವರನ್ನೂ ಮರೆಗೆ ಸರಿಸುತ್ತದೆ. ಆದ್ದರಿಂದ ಮಾರ್ಗದರ್ಶಕರೂ ಪರೀಕ್ಷಕರೂ ಪ್ರಸ್ತಾವನೆಯ ಈ ಒಂದು ವಾಕ್ಯವನ್ನು ಪ್ರಬಂಧದ ಉಳಿದ ಭಾಗದಷ್ಟೇ ಎಚ್ಚರದಿಂದ ಓದುವುದು ಅಗತ್ಯ.