ತಮಟೆಯ ವಾದನ ಮತ್ತು ವಿಮರ್ಶೆಯ ಮೌನ

2023ನೆಯ ಜನವರಿಯಲ್ಲಿ ಪ್ರಕಟವಾದ ಪದ್ಮ ಪ್ರಶಸ್ತಿಗಳ ಪಟ್ಟಿಯಲ್ಲಿ ಕನ್ನಡ ನಾಡಿನ ಇಬ್ಬರ ಹೆಸರುಗಳು ನಮ್ಮ ಗಮನವನ್ನು ಸೆಳೆದವು. ಒಬ್ಬರು ಪದ್ಮಭೂಷಣಕ್ಕೆ ಪಾತ್ರರಾದ ಕಾದಂಬರಿಕಾರ ಎಸ್. ಎಲ್. ಭೈರಪ್ಪನವರು, ಮತ್ತೊಬ್ಬರು ಪದ್ಮಶ್ರೀ ಪಡೆದ, ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ವಾದಕರಾದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು. ಮೊದಲನೆಯವರ ಕೃತಿಗಳನ್ನು ಕುರಿತು ಪರವಾಗಿಯೂ ವಿರೋಧವಾಗಿಯೂ ನಡೆದಿರುವ ಚರ್ಚೆ ಗ್ರಂಥಾಲಯದ ಕಪಾಟುಗಳನ್ನು ತುಂಬುವಷ್ಟಿದೆ. ಎರಡನೆಯವರ ವಿಷಯದಲ್ಲಿ ನಾವು ಓದಿದ ಪ್ರಶಂಸೆಗಳೆಲ್ಲ ಒಂದೇ ಮಾತಿಗೆ ಬಂದು ನಿಲ್ಲುತ್ತವೆ: ಇವರು ಜಾನಪದ ವಾದ್ಯವೊಂದನ್ನು ಉಳಿಸಿ ಬೆಳೆಸಿದವರು. ಮಾತು ಸುಳ್ಳಲ್ಲ. ಆದರೆ ಅವರು ಹೇಗೆ ನುಡಿಸುತ್ತಾರೆ ಎಂಬುದನ್ನು ಅದು ಹೇಳುವುದಿಲ್ಲ. ಕಾದಂಬರಿಕಾರನನ್ನು 'ಕನ್ನಡ ಲಿಪಿಯನ್ನು ಉಳಿಸಿದವನು' ಎಂದಷ್ಟೇ ಹೊಗಳಿ ಸುಮ್ಮನಾದರೆ ನಾವು ಒಪ್ಪುತ್ತೇವೆಯೆ?

ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಪಾಶ್ಚಾತ್ಯ ರಾಕ್ ಸಂಗೀತವನ್ನು ಕೇಳತಕ್ಕವರು. ಅಲ್ಲಿಯೂ ಡ್ರಮ್ ನುಡಿಸುವವನು ಹಿಂದೆ ಕುಳಿತವನೇ; ಬೆಳಕೆಲ್ಲ ಹಾಡುವವನ ಮೇಲೆ. ಆದರೂ ಅವನನ್ನು ಕುರಿತ ವಿಮರ್ಶೆ ಎಷ್ಟು ಸೂಕ್ಷ್ಮವಾಗಿದೆ ಎಂಬುದಕ್ಕೆ ಒಂದು ನಿದರ್ಶನ ಸಾಕು. ಲಿವರ್‌ಪೂಲಿನ ಬಡ ಮನೆತನದಲ್ಲಿ 1940ರಲ್ಲಿ ಹುಟ್ಟಿ, 1962ರಲ್ಲಿ ಬೀಟಲ್ಸ್ ತಂಡವನ್ನು ಸೇರಿ, 2018ರಲ್ಲಿ ಸರ್ ಪದವಿಯನ್ನು ಪಡೆದ ರಿಂಗೊ ಸ್ಟಾರ್ ಎಡಗೈಯವರು. ಬಲಗೈಯವರಿಗಾಗಿ ಜೋಡಿಸಿದ ಡ್ರಮ್ಮುಗಳನ್ನೇ ಅವರು ನುಡಿಸಿದರು. ಹಾಡಿನ ಸಾಲುಗಳ ನಡುವೆ ಅವರು ತುಂಬುವ ಪೆಟ್ಟುಗಳಿಗೆ ಒಂದು ವಿಚಿತ್ರವಾದ ತಡವರಿಕೆಯ ಸೊಗಸು ಬಂದುದು ಇದರಿಂದಲೇ ಎಂದು ವಿವರಿಸುತ್ತಾರೆ. ವಾದಕನ ದೇಹ, ವಾದ್ಯದ ಜೋಡಣೆ, ಕಿವಿಗೆ ಬೀಳುವ ಲಯ, ಈ ಮೂರನ್ನೂ ಒಂದೇ ಎಳೆಯಲ್ಲಿ ಪೋಣಿಸಿ ಹೇಳುವುದು ವಿಮರ್ಶೆ. ತಮಟೆಗೆ ಇಷ್ಟನ್ನು ಮಾಡಲು ನಮಗೆ ಆಗಿಲ್ಲ.

ಸಾಮಗ್ರಿಯ ಕೊರತೆಯೇನೂ ಇಲ್ಲ. ತಮಟೆ ಒಂದೇ ಮುಖದ ವಾದ್ಯ. ಮರದ ಬಳೆಗೆ, ಈಚೆಗೆ ಕಬ್ಬಿಣದ ಬಳೆಗೆ, ಚರ್ಮವನ್ನು ಬಿಗಿದಿರುತ್ತಾರೆ. ವಾದಕನು ಅದನ್ನು ಹೆಗಲಿನಿಂದ ಇಳಿಬಿಟ್ಟು ಮೈಗೆ ಆನಿಸಿಕೊಳ್ಳುತ್ತಾನೆ. ಒಂದು ಕೈಯಲ್ಲಿ ಉದ್ದನೆಯ ತೆಳು ಕಡ್ಡಿ, ಇನ್ನೊಂದರಲ್ಲಿ ಗಿಡ್ಡನೆಯ ದಪ್ಪ ಕೋಲು. ಕಡ್ಡಿ ಚರ್ಮದ ಮೇಲೆ ಮಲಗಿದಂತೆ ಬಿದ್ದು ಚಟಚಟನೆ ಸಿಡಿಯುತ್ತದೆ. ಕೋಲಿನ ಪೆಟ್ಟು ದುಂಡಗೆ, ಗಂಭೀರವಾಗಿ ಏಳುತ್ತದೆ. ಎರಡು ಕೈಗಳಿಗೆ ಸಮನಲ್ಲದ ಎರಡು ಸಾಧನಗಳನ್ನು ಕೊಟ್ಟು, ಆ ಅಸಮತೆಯಿಂದಲೇ ಲಯವನ್ನು ಹೆಣೆಯುವುದು ಈ ವಾದ್ಯದ ಮರ್ಮ. ರಿಂಗೊ ಅವರಿಗೆ ಆಕಸ್ಮಿಕವಾಗಿ ಒದಗಿದುದು ಇಲ್ಲಿ ವಾದ್ಯದ ರಚನೆಯಲ್ಲಿಯೇ ಇದೆ. ನುಡಿಸುವ ಮುನ್ನ ಹುಲ್ಲಿನ ಬೆಂಕಿಗೆ ಹಿಡಿದು ಚರ್ಮವನ್ನು ಕಾಯಿಸುತ್ತಾರೆ. ಮೆರವಣಿಗೆ ದೀರ್ಘವಾಗಿ ಚರ್ಮ ಸಡಿಲವಾದರೆ ಮತ್ತೆ ಕಾಯಿಸುತ್ತಾರೆ. ಶ್ರುತಿ ಎಂಬ ಮಾತನ್ನು ನಾವು ತಂಬೂರಿಗೆ ಮೀಸಲಿಟ್ಟಿರುವುದರಿಂದ, ಇದೂ ಶ್ರುತಿಗೊಳಿಸುವ ಕ್ರಿಯೆಯೇ ಎಂಬುದು ನಮಗೆ ಹೊಳೆಯುವುದಿಲ್ಲ. ಜೊತೆಗೆ ಡ್ರಮ್‌ ವಾದಕನಂತೆ ಇವನು ಕುಳಿತವನಲ್ಲ. ಗತ್ತು ಬದಲಾದಂತೆ ಹೆಜ್ಜೆಯೂ ಬದಲಾಗಬೇಕು. ಸಾಲು ಮುರಿದು ವೃತ್ತವಾಗಬೇಕು, ಬಾಗಬೇಕು, ಏಳಬೇಕು. ಕುಣಿತದಿಂದ ಬೇರ್ಪಡಿಸಿ ಪೆಟ್ಟನ್ನು ಮಾತ್ರ ಧ್ವನಿಮುದ್ರಿಸಿದರೆ ಅರ್ಧ ಕಲೆ ಕೈಬಿಟ್ಟುಹೋಗುತ್ತದೆ.

ಆದರೆ ಕಲೆಯ ಮಾತಿನಿಂದ ಈ ವಾದ್ಯದ ವಿಷಯ ತೀರುವುದಿಲ್ಲ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳ ಸೀಮೆಯಲ್ಲಿ ಕನ್ನಡದೊಡನೆ ತೆಲುಗೂ ಮನೆಮಾತಾಗಿದೆ. ತಮಟೆಯ ಬಳಗದ ವಾದ್ಯವನ್ನು ತೆಲುಗರು ಡಪ್ಪು ಎನ್ನುತ್ತಾರೆ, ತಮಿಳರು ಪರೈ ಎನ್ನುತ್ತಾರೆ. ಮೂರು ಭಾಷೆಗಳಲ್ಲಿಯೂ ಅದನ್ನು ಬಾರಿಸುವ ಹೊಣೆಯನ್ನು ಊರು ಕೇರಿಯ ಮೇಲೆ ಹೊರಿಸಿತು. ಸತ್ತ ದನದ ಚರ್ಮವನ್ನು ಹದಮಾಡಿದವರೇ ದೇವರ ಉತ್ಸವದ ಮುಂದೆ ಬಾರಿಸಬೇಕು, ಹೆಣದ ಮುಂದೆ ಬಾರಿಸಬೇಕು, ಊರಿಗೆ ಸಾರು ಹಾಕಬೇಕು; ಗುಡಿಯ ಒಳಕ್ಕೆ ಮಾತ್ರ ಬರಕೂಡದು. ರಿಂಗೊ ಡ್ರಮ್ಮನ್ನು ಆರಿಸಿಕೊಂಡರು. ಇಲ್ಲಿ ತಮಟೆಯೇ ಮನುಷ್ಯನನ್ನು ಹುಟ್ಟಿನಿಂದ ಆರಿಸಿಕೊಂಡಿತು. ಇದನ್ನು ಹಳೆಯ ಕಾಲದ ಸಂಗತಿಯೆಂದು ಬದಿಗಿಡುವಂತಿಲ್ಲ. 2000ನೆಯ ಮಾರ್ಚಿನಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದ ಕಂಬಾಲಪಲ್ಲಿ ಚಿಂತಾಮಣಿ ತಾಲ್ಲೂಕಿಗೆ ಸೇರಿದುದು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದಾಗ ಆ ನೆನಪೂ ಜೊತೆಗೇ ಬಂದಿತು.

ಆದುದರಿಂದಲೇ ತಮಟೆಯನ್ನು ಕೆಳಗಿಟ್ಟವರೂ ಇದ್ದಾರೆ. ಇನ್ನು ಹೆಣದ ಮುಂದೆ ಬಾರಿಸುವುದಿಲ್ಲ ಎಂದ ಯುವಕನು ಕಲೆಯನ್ನು ಅಳಿಸಿದನೆ, ತನ್ನನ್ನು ಉಳಿಸಿಕೊಂಡನೆ? ಜಾನಪದ ವಿದ್ವಾಂಸರು ಈ ಪ್ರಶ್ನೆಯನ್ನು ಎದುರಿಸದೆ 'ಅಳಿವಿನಂಚಿನ ಕಲೆ' ಎಂದು ಮರುಗುವುದು ನಮಗೆ ಸರಿಯೆನಿಸುವುದಿಲ್ಲ. ಇನ್ನೊಂದು ದಾರಿಯೂ ತೆರೆಯಿತು. ಎಪ್ಪತ್ತರ ದಶಕದಿಂದ ಬೆಳೆದ ದಲಿತ ಚಳವಳಿಯು ಅದೇ ತಮಟೆಯನ್ನು ಹೋರಾಟದ ಹಾಡುಗಳ ಜೊತೆಗೆ ಬೀದಿಗೆ ತಂದಿತು. ಅಪಮಾನದ ಗುರುತು ಕರೆಯ ಸದ್ದಾಯಿತು.

ಮುನಿವೆಂಕಟಪ್ಪನವರ ಬಾಳು ಈ ಎರಡೂ ದಾರಿಗಳ ಕಾಲವನ್ನು ವ್ಯಾಪಿಸಿದೆ. ದಲಿತ ಕುಟುಂಬದಲ್ಲಿ ಹುಟ್ಟಿ 16ನೆಯ ವಯಸ್ಸಿನಲ್ಲಿ ತಮಟೆ ಹಿಡಿದವರು; ಪ್ರಶಸ್ತಿ ಬಂದಾಗ ಅವರಿಗೆ 72. ವೇದಿಕೆಯ ಮೇಲೆ ನುಡಿಸಿದರು, ಕಿರಿಯರಿಗೆ ಕಲಿಸಿದರು. ಇವೆರಡರಲ್ಲಿ ಕಲಿಸಿದುದೇ ಹೆಚ್ಚಿನದೆಂದು ನಮ್ಮ ಎಣಿಕೆ. ವೇದಿಕೆಗೆ ಮಿತಿಗಳುಂಟು: ಹೊತ್ತು ಕಡಮೆ, ಬೆಂಕಿಗೆ ಎಡೆಯಿಲ್ಲ, ಚರ್ಮದ ಬದಲು ಪ್ಲಾಸ್ಟಿಕ್ಕಿನ ಹಾಳೆ ಬಿಗಿದ ತಮಟೆ ಮಳೆಗೂ ಬಿಸಿಲಿಗೂ ಒಂದೇ ಸಮನೆ ನುಡಿಯುತ್ತದೆ, ಅಷ್ಟೇ ಸಪ್ಪೆಯಾಗಿ. (ಒಣಹುಲ್ಲಿಗಾಗಿ ಸಭಾಭವನದ ಅಧಿಕಾರಿಗಳನ್ನು ಕೇಳಿದ ವಾದಕರಿಗೆ ಏನು ಉತ್ತರ ಬಂದೀತೆಂಬುದನ್ನು ಓದುಗರೇ ಊಹಿಸಬಹುದು.) ಕಲಿಕೆಯ ಮಾತು ಹಾಗಲ್ಲ. ಗುರುವನ್ನು ಹುಡುಕಿಕೊಂಡು ಬಂದು ಕಲಿತವನಿಗೆ ತಮಟೆ ಮೊದಲ ಬಾರಿಗೆ ಆಯ್ಕೆಯ ವಾದ್ಯವಾಗುತ್ತದೆ. ಊರು ಕರೆದಾಗ ಒಲ್ಲೆನೆನ್ನುವ ಅಧಿಕಾರವೂ ಆ ಕಲಿಕೆಯೊಳಗೇ ಸೇರಿರುತ್ತದೆ.

ನಮ್ಮ ವಿಭಾಗಗಳು ಈಗ ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಈ ಮೂರು ತಾಲ್ಲೂಕುಗಳ ಹಿರಿಯ ವಾದಕರಿಂದ ಒಂದೊಂದು ಗತ್ತಿನ ಹೆಸರನ್ನೂ ಪೆಟ್ಟುಗಳ ಎಣಿಕೆಯನ್ನೂ ಹೆಜ್ಜೆಯನ್ನೂ, ಯಾರಿಂದ ಕಲಿತರೆಂಬುದನ್ನೂ ಬರೆದುಕೊಳ್ಳಬೇಕು. ಹೆಣದ ಮುಂದಿನ ಗತ್ತುಗಳ ವಿಷಯದಲ್ಲಿ ಮಾತ್ರ ಒಂದು ಸಂಕೋಚವಿದೆ. ಅವು ಲಯದ ದೃಷ್ಟಿಯಿಂದ ಅಮೂಲ್ಯವಾಗಿರಬಹುದು. ಆದರೆ ಅವನ್ನು ನುಡಿಸುವುದನ್ನು ಬಿಟ್ಟವರ ಕೈಗೆ ನಮ್ಮ ಸಂಶೋಧನೆಗಾಗಿ ಮತ್ತೆ ಕೋಲು ಕೊಡುವ ಹಕ್ಕು ನಮಗಿಲ್ಲ. ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿ ಧ್ವನಿಮುದ್ರಕವನ್ನು ತೆರೆಯುವ ಮೊದಲು, ಯಾವ ಗತ್ತನ್ನು ನುಡಿಸಲು ಇಷ್ಟವಿದೆ, ಯಾವುದನ್ನು ನುಡಿಸಲು ಇಷ್ಟವಿಲ್ಲ ಎಂದು ಕೇಳಲಿ. ಎರಡನೆಯ ಉತ್ತರವನ್ನೂ ಬರೆದುಕೊಂಡು ಬರಲಿ.