ಕಾಳಿದಾಸನ ಹಿಮಗಿರಿಯ ಸಸ್ಯಗಳೂ ನಮ್ಮ ಟಿಪ್ಪಣಿಗಳೂ

ಸಂಸ್ಕೃತ ಕಾವ್ಯನಾಟಕಗಳ ಸವಿಯನ್ನು ಕನ್ನಡಿಗರಿಗೆ ಉಣಬಡಿಸಿದ ಮೈಸೂರು ಆಸ್ಥಾನದ ವಿದ್ವಾಂಸರಿಗೆ ನಮ್ಮ ಭಾಷೆಯು ಚಿರಋಣಿಯಾಗಿರುವುದು. ಬಸವಪ್ಪಶಾಸ್ತ್ರಿಗಳು (1843–1891) ಶಾಕುಂತಲ, ವಿಕ್ರಮೋರ್ವಶೀಯ ಮೊದಲಾದ ನಾಟಕಗಳನ್ನು ಕನ್ನಡಿಸಿದರು. ಅದೇ ಪರಂಪರೆಯಲ್ಲಿ ಹೆಸರಾದ ಅಯ್ಯಾಶಾಸ್ತ್ರಿಗಳು (1854–1934) ತಿರುಮಕೂಡಲು ನರಸೀಪುರದ ಬಳಿಯ ಸೋಸಲೆಯವರು. ವ್ಯಾಸರಾಜಮಠದಿಂದ ಪ್ರಸಿದ್ಧವಾದ ಆ ಗ್ರಾಮವು ಕಾವೇರೀ ಕಪಿಲಾ ಸಂಗಮಕ್ಕೆ ಸಮೀಪದಲ್ಲಿ, ಸಮುದ್ರಮಟ್ಟಕ್ಕೆ ಸುಮಾರು 2,000 ಅಡಿಗಳ ಮೇಲೆ ಇದೆ. ಅಂತಹ ಊರಿನಲ್ಲಿ ಕುಳಿತು ಕುಮಾರಸಂಭವವನ್ನು ಓದುವ ವಿದ್ಯಾರ್ಥಿಗೆ ಭೂರ್ಜ, ದೇವದಾರು ಎಂಬ ಹೆಸರುಗಳು ಏನನ್ನು ತೋರಿಸಿಕೊಡುತ್ತವೆ ಎಂಬುದೇ ಪ್ರಕೃತ ವಿಚಾರ.

ನಮ್ಮ ಟಿಪ್ಪಣಿಕಾರರು ಇಂತಹ ಕಡೆಗಳಲ್ಲಿ ಸಾಮಾನ್ಯವಾಗಿ ‘ಒಂದು ಜಾತಿಯ ಮರ’ ಎಂದು ಬರೆದು ಮುಂದಕ್ಕೆ ಸಾಗುವರು. ರಸಾಸ್ವಾದಕ್ಕೆ ಸಸ್ಯಶಾಸ್ತ್ರವೇಕೆ ಎಂಬುದು ಅವರ ಸಮಾಧಾನ. ಈ ಮಾತನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ವಿಕ್ರಮೋರ್ವಶೀಯದ ನಾಲ್ಕನೆಯ ಅಂಕದಲ್ಲಿ ಊರ್ವಶಿಯು ಕುಮಾರವನವನ್ನು ಹೊಕ್ಕು ಲತೆಯಾಗುವಳು. ಪುರೂರವನು ಸಂಗಮನೀಯ ಮಣಿಯ ಮಹಿಮೆಯಿಂದ ಅವಳನ್ನು ಮರಳಿ ಪಡೆಯುವನು. ಆ ಲತೆ ಯಾವ ಜಾತಿಯದೆಂದು ಹುಡುಕುವುದು ಬರಿಯ ಪಾಂಡಿತ್ಯಪ್ರದರ್ಶನ. ಆದರೆ ಕವಿಯು ಹೆಸರಿಟ್ಟು ಹೇಳಿದ ಕಡೆ ಆ ಹೆಸರು ಅರ್ಥದ ಅಂಗವೇ ಆಗಿರುವುದು.

ಅದೇ ನಾಟಕದ ಎರಡನೆಯ ಅಂಕವನ್ನು ನೋಡಬಹುದು. ಊರ್ವಶಿಯು ತನ್ನ ಅನುರಾಗವನ್ನು ಭೂರ್ಜಪತ್ರದ ಮೇಲೆ ಬರೆಯುವಳು. ವಿದೂಷಕನ ಕೈಯಿಂದ ಜಾರಿದ ಆ ಪತ್ರವು ಗಾಳಿಗೆ ಸಿಕ್ಕಿ, ಕೊನೆಗೆ ರಾಣಿಯ ಕೈಸೇರುವುದು. ‘ಪತ್ರ’ವೆಂದೊಡನೆ ನಮ್ಮವರಿಗೆ ತಾಳೆಯ ಓಲೆ ನೆನಪಾಗುವುದು ಸಹಜ, ನಮ್ಮ ಗ್ರಂಥಭಂಡಾರಗಳು ತುಂಬಿರುವುದು ಓಲೆಗರಿಗಳಿಂದಲೇ. ಆದರೆ ಭೂರ್ಜಪತ್ರವು ಎಲೆಯೇ ಅಲ್ಲ. ಅದು ಪದರಪದರವಾಗಿ ಸುಲಿದು ಬರುವ ತೊಗಟೆ. 1931ರಲ್ಲಿ ಗಿಲ್ಗಿಟ್ಟಿನಲ್ಲಿ ದೊರೆತ ಪ್ರಾಚೀನ ಬೌದ್ಧಗ್ರಂಥಗಳು ಇಂತಹ ತೊಗಟೆಯ ಮೇಲೆ ಬರೆದವು. ಆ ಪದರದ ಹಗುರತನವನ್ನು ತಿಳಿಯದವನಿಗೆ ಕಥೆಯ ಈ ತಿರುವಿನ ಸ್ವಾರಸ್ಯ ಅರ್ಧವೇ ದಕ್ಕೀತು.

ರಘುವಂಶದ ದ್ವಿತೀಯ ಸರ್ಗದ ದೇವದಾರುವಿನ ಪಾಡು ಇನ್ನೂ ವಿಚಿತ್ರ. ಮೈಸೂರು ಸೀಮೆಯ ಒಣಗಾಡುಗಳಲ್ಲಿ ದೇವದಾರು ಎಂಬ ಹೆಸರಿನಿಂದಲೇ ಕರೆಯಲ್ಪಡುವ ಚಿಕ್ಕದೊಂದು ಮರವುಂಟು. ಹಿಮಾಲಯದ ದೇವದಾರುವಿಗೂ ಇದಕ್ಕೂ ಯಾವ ಬಾಂಧವ್ಯವೂ ಇಲ್ಲ. ಅದು ಸೂಜಿಯೆಲೆಯ ಮಹಾವೃಕ್ಷ. ಶಿವನು ಮಗನೆಂದು ಭಾವಿಸಿದ, ಪಾರ್ವತಿಯು ನೀರೆರೆದು ಬೆಳೆಸಿದ ಮರಕ್ಕೆ ಕಾಡಾನೆಯು ಕಪೋಲವನ್ನುಜ್ಜಿ ತೊಗಟೆಯನ್ನು ಕಿತ್ತಿತೆಂದೂ, ಅಂದಿನಿಂದ ಕುಂಭೋದರನೆಂಬ ಸಿಂಹವನ್ನು ಅಲ್ಲಿ ಕಾವಲಿಗಿರಿಸಲಾಯಿತೆಂದೂ ಕವಿಯ ಮಾತು. ನಮ್ಮ ಕುರುಚಲು ಕಾಡಿನ ಮರವನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನೋದಿದರೆ ಆನೆಗೂ ಮರಕ್ಕೂ ಇರುವ ಅಳತೆಯೇ ಕೆಡುವುದು.

ಸಸ್ಯಕ್ಕೂ ನೆಲೆಗೂ ಇರುವ ಸಂಬಂಧವನ್ನು ನಮ್ಮ ಲಾಕ್ಷಣಿಕರು ಕಡೆಗಣಿಸಿದವರಲ್ಲ. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಕವಿಸಮಯಗಳನ್ನು ಎಣಿಸುವಾಗ, ಚಂದನಕ್ಕೆ ಮಲಯವೊಂದೇ, ಭೂರ್ಜಕ್ಕೆ ಹಿಮವಂತವೊಂದೇ ಜನ್ಮಸ್ಥಾನವೆಂಬ ನಿಯಮವನ್ನು ಹೇಳಿರುವನು. ಇದು ಕವಿಗಳ ಕಟ್ಟಳೆಯಾದರೂ ಭೂರ್ಜದ ಮಟ್ಟಿಗೆ ವಾಸ್ತವಕ್ಕೆ ದೂರವಲ್ಲ. ಅದು ಹಿಮಾಲಯದಲ್ಲಿ ಮರಗಳು ಬೆಳೆಯಬಲ್ಲ ಕಡೆಯ ಎತ್ತರದ ವೃಕ್ಷ. ಅದರಿಂದಾಚೆಗೆ ಹುಲ್ಲು, ಗಿಡಮೂಲಿಕೆ, ಹಿಮ. ಗಂಗೋತ್ರಿಯ ಮೇಲಣ ಭೋಜಬಾಸಾ ಎಂಬ ಸ್ಥಳಕ್ಕೆ ಹೆಸರು ಬಂದುದು ಭೂರ್ಜಗಳಿಂದ. ಇಂದು ಅಲ್ಲಿ ಹೆಸರು ಉಳಿದಷ್ಟು ಮರಗಳು ಉಳಿದಿಲ್ಲ.

ಟಿಪ್ಪಣಿಯ ಈ ಔದಾಸೀನ್ಯವು ಕಾವ್ಯದ ಎಲ್ಲೆಯನ್ನು ಮೀರಿ ಹಾನಿ ಮಾಡುವುದು ಇಲ್ಲಿಯೇ. ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿ ಪರಿಚಿತವಾದ ಕೋಷ್ಠ, ಜಟಾಮಾಂಸಿಗಳೆರಡೂ ಹಿಮಾಲಯದ ಎತ್ತರದ ಗಿಡಗಳು; ಎರಡನ್ನೂ ಬೇರಿಗಾಗಿ ಬುಡಸಹಿತ ಕೀಳುವರು. ಕೋಷ್ಠದ ವ್ಯಾಪಾರವನ್ನು ಅಂತರರಾಷ್ಟ್ರೀಯ ಒಪ್ಪಂದವು 1985ರಿಂದ ಅತ್ಯಂತ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿರುವುದು. ಎರಡೂ ತೀವ್ರ ವಿನಾಶದ ಅಂಚಿನಲ್ಲಿರುವ ಸಸ್ಯಗಳೆಂದು ಎಣಿಸಲ್ಪಟ್ಟಿವೆ. ಇಂತಹ ಗಿಡಗಳು ಒಂದೊಂದು ಕಣಿವೆಯಲ್ಲಿ ಕೆಲವೇ ಉಳಿದಾಗ ಹತ್ತಿರದ ಸಂಬಂಧಿಗಳಲ್ಲಿಯೇ ಪರಾಗಸ್ಪರ್ಶ ನಡೆದು, ಪೀಳಿಗೆಯಿಂದ ಪೀಳಿಗೆಗೆ ಆನುವಂಶಿಕ ವೈವಿಧ್ಯವು ಕುಗ್ಗುವುದು. ವೈವಿಧ್ಯ ಕುಗ್ಗಿದ ಕುಲಕ್ಕೆ ಹೊಸ ರೋಗವನ್ನಾಗಲಿ ಬದಲಾದ ಹವೆಯನ್ನಾಗಲಿ ತಾಳಿಕೊಳ್ಳುವ ಶಕ್ತಿ ಕಡಮೆ. ಸೆಕೆ ಹೆಚ್ಚಿದಂತೆ ಬೆಟ್ಟದ ಗಿಡ ಮೇಲಕ್ಕೇರಬೇಕು; ಶಿಖರವನ್ನು ಮುಟ್ಟಿದ ಮೇಲೆ ಏರಲು ನೆಲವಿಲ್ಲ.

ಸೋಸಲೆಯ ಸುತ್ತಿನವರಿಗೆ ಇದು ತಿಳಿಯದ ಮಾತಲ್ಲ. ನಂಜನಗೂಡಿನ ರಸಬಾಳೆಯನ್ನು ಕಂದು ನೆಟ್ಟು ಬೆಳೆಸುವುದರಿಂದ ಗಿಡಗಳೆಲ್ಲ ಬಹುಮಟ್ಟಿಗೆ ಒಂದೇ ಗಿಡದ ಪ್ರತಿರೂಪಗಳು. ಪನಾಮಾ ಸೊರಗುರೋಗವು ಹೊಕ್ಕಾಗ ತೋಟಕ್ಕೆ ತೋಟವೇ ನೆಲಕಚ್ಚಿದುದಕ್ಕೆ ಇದೇ ಮುಖ್ಯ ಕಾರಣ. ನಮ್ಮ ಹಿತ್ತಿಲುಗಳ ‘ಬ್ರಹ್ಮಕಮಲ’ದ ಕಥೆಯೂ ಇಂತಹುದೇ. ರಾತ್ರಿ ಅರಳುವ ಆ ಹೂವು ಮೆಕ್ಸಿಕೋ ಕಡೆಯಿಂದ ಬಂದ ಕಳ್ಳಿ. ಎಲೆಯಂತೆ ತೋರುವ ಅದರ ತುಂಡನ್ನು ನೆಟ್ಟು ಮನೆಯಿಂದ ಮನೆಗೆ ಹಂಚಿದೆವು. ನಿಜವಾದ ಬ್ರಹ್ಮಕಮಲವು ಉತ್ತರಾಖಂಡದ ರಾಜ್ಯಪುಷ್ಪ. ಹಿಮದ ನೆರೆಯಲ್ಲಿ ಬೆಳೆಯುವ ಅದನ್ನು ದೇವರ ಪೂಜೆಗೆಂದು ಕಿತ್ತೊಯ್ಯುವರು. ಮನೆಯಲ್ಲಿಯೇ ಹೇರಳವಾಗಿದೆಯೆಂದು ನಂಬಿದವನು ಬೆಟ್ಟದಲ್ಲಿ ಅಳಿಯುತ್ತಿರುವುದಕ್ಕಾಗಿ ಮರುಗುವುದೆಂತು? ಹೆಸರು ಬದುಕಿದ್ದರೆ ಸಸ್ಯವೂ ಬದುಕಿದೆಯೆಂಬ ಭ್ರಮೆಯನ್ನು ಟಿಪ್ಪಣಿಕಾರನು ಬೆಳೆಸಬಾರದು.

ಕುಂಭೋದರನ ಕಾವಲು ಒಂದು ಮರಕ್ಕೆ ಸಾಕು, ಒಂದು ಕುಲಕ್ಕೆ ಸಾಲದು. ಈ ವಿಷಯದಲ್ಲಿ ವಾಲ್ಮೀಕಿಯ ಹನುಮಂತನೇ ಮೇಲು. ಮೂಲಿಕೆಗಳು ಕಣ್ಣಿಗೆ ಬೀಳದಿರಲು ಅವನು ಶಿಖರವನ್ನೇ ತಂದನು. ಯುದ್ಧಕಾಂಡದ ಮೊದಲ ಪ್ರಸಂಗದಲ್ಲಿ, ಕಾರ್ಯವಾದೊಡನೆ ಅದನ್ನು ಹಿಮವಂತಕ್ಕೇ ಮರಳಿಸಿದನು. ಗಿಡ ಉಳಿಯಬೇಕಾದರೆ ಅದರ ಬೆಟ್ಟವೂ ನೆರೆಹೊರೆಯೂ ಉಳಿಯಬೇಕೆಂಬುದು ಇಂದಿನ ಶಾಸ್ತ್ರಜ್ಞರ ಮತವೂ ಹೌದು. ಬೀಜಗಳನ್ನು ಕೂಡಿಡುವುದು, ತೋಟಗಳಲ್ಲಿ ಬೆಳೆಸುವುದು ಇವೆಲ್ಲ ಅದಕ್ಕೆ ಊರುಗೋಲು ಮಾತ್ರ.

ಆದುದರಿಂದ ಮುಂದೆ ಕಾವ್ಯಗಳನ್ನು ಸಂಪಾದಿಸುವವರೂ ಪಾಠ ಹೇಳುವವರೂ ಸಸ್ಯನಾಮ ಬಂದ ಕಡೆ ಮೂರು ಸಂಗತಿಗಳನ್ನು ಬರೆಯುವುದು ಯುಕ್ತ: ಅದರ ನೆಲೆ ಯಾವುದು, ಅದೇ ಹೆಸರಿನ ಬೇರೆ ಗಿಡ ನಮ್ಮಲ್ಲುಂಟೇ, ಇಂದು ಅದರ ಸ್ಥಿತಿಯೇನು. ಇದಕ್ಕೆ ಎರಡು ಪಂಕ್ತಿಗಳಿಗಿಂತ ಹೆಚ್ಚು ಸ್ಥಳ ಬೇಡ. ‘ಒಂದು ಜಾತಿಯ ಮರ’ ಎಂಬ ಟಿಪ್ಪಣಿಯನ್ನು ಮಾತ್ರ ಇನ್ನು ಕೈಬಿಡತಕ್ಕದ್ದು. ಆ ಜಾತಿಯೇ ಅಳಿದುಹೋದ ದಿನ ಅದಕ್ಕೆ ಅರ್ಥವೇ ಇರಲಾರದು.